ಹಿಮ ಕಳೆಯುವ ದ್ರವವೂ ನೆಲದಡಿಯ ನೀರೂ



ಓಸ್ಲೋ ಸಮೀಪದಲ್ಲಿ ನೆಲಸಿರುವ ಮಗಳ ಮನೆಗೆ ಹೋಗಿದ್ದಾಗ, ಗಾರ್ಡರ್‌ಮೋಯೆನ್ ವಿಮಾನ ನಿಲ್ದಾಣದಲ್ಲಿ ರೆಕ್ಕೆಗಳ ಮೇಲೆ ಬಿಸಿ ದ್ರವವನ್ನೆರಚಿ ಹಿಮವನ್ನು ಕಳೆಯುವುದನ್ನು ಕಂಡು, ಅದೆಲ್ಲವೂ ಎತ್ತ ಹರಿದುಹೋಗುವುದೆಂಬ ಚಿಂತೆ ನನ್ನನ್ನು ಬಿಡಲಿಲ್ಲ. 1998ರಲ್ಲಿ ತೆರೆದ ಆ ನಿಲ್ದಾಣವಿರುವುದು ನಾರ್ವೆಯ ಅತಿ ದೊಡ್ಡ ಅಂತರ್ಜಲ ನಿಕ್ಷೇಪಗಳಲ್ಲೊಂದರ ಮೇಲೆ; ನಿಲ್ದಾಣಕ್ಕೂ ಆ ನೀರಿಗೂ ನಡುವೆ ಇರುವುದು ಬಹುಮಟ್ಟಿಗೆ ಮರಳು, ಜಲ್ಲಿ. ಹಿಮ ಕಳೆಯುವ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಉಗ್ರವಿಷವಲ್ಲವೆಂಬುದು ನಿಜವೇ ಆದರೂ, ಅದನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಮಣ್ಣಿನೊಳಗಣ ಆಮ್ಲಜನಕವನ್ನು ಹೀರಿಬಿಡುವುದರಿಂದ, ಕಬ್ಬಿಣ, ಮ್ಯಾಂಗನೀಸುಗಳು ಕರಗಿ ನೀರನ್ನು ಕೆಡಿಸಬಲ್ಲವು. ಅಂತರ್ಜಲವನ್ನು ಕೆಡಿಸಕೂಡದೆಂಬ ಕಟ್ಟುಪಾಡಿಗೊಳಗಾಗಿ, ಅಲ್ಲಿ ವಿಮಾನಗಳಿಗೆ ನಿಯತ ಸ್ಥಳಗಳಲ್ಲಿಯೇ ದ್ರವವನ್ನೆರಚಿ ಸೋರಿದುದನ್ನು ಸಂಗ್ರಹಿಸುವರು. ಆದರೂ ರೆಕ್ಕೆಗಂಟಿದ ಕೆಲವಂಶ, ವಿಮಾನ ಮೇಲೇರುವಾಗ ಓಡುದಾರಿಯ ಪಕ್ಕದ ಮರಳಿಗೆ ಬಿದ್ದೇ ಬೀಳುವುದು.

ನಮ್ಮ ಲಡಾಖಿನ ಲೇಹ್ ನಗರದ ಜನರಿಗೂ ನೆಲದಡಿಯ ನೀರೇ ದೊಡ್ಡ ಆಸರೆ. ಅಲ್ಲಿಯೂ ಸೇರಿದಂತೆ ಹಿಮಾಲಯದ ವಿಮಾನ ನಿಲ್ದಾಣಗಳಲ್ಲಿ ಚಳಿಗಾಲದ ಹಾರಾಟ ಬೆಳೆಯುವ ಮೊದಲೇ, ಇಂಥ ದ್ರವಗಳ ಸಂಗ್ರಹಣ, ಶುದ್ಧೀಕರಣಗಳನ್ನು ಕಡ್ಡಾಯಗೊಳಿಸಿ, ಸುತ್ತಲಿನ ಬಾವಿಗಳ ನೀರನ್ನು ಪ್ರತಿವರ್ಷವೂ ಹಿಮ ಕರಗಿದೊಡನೆ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡುವಂತೆ ವಿಮಾನಯಾನ ಸಚಿವಾಲಯವನ್ನೂ ಕೇಂದ್ರ ಅಂತರ್ಜಲ ಮಂಡಳಿಯನ್ನೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

— ಓರ್ವ ವಾಚಕಿ, ಮೈಸೂರು