ಓಡುವವರ ಉಸಿರು ತಪ್ಪುವುದೆಲ್ಲಿ?

ಪೊಲೀಸ್ ನೇಮಕಾತಿಯ ಪ್ರಕಟಣೆ ಬಂದ ಕೂಡಲೇ ನನ್ನ ದವಾಖಾನೆಗೆ ಒಂದು ಹೊಸ ಬಗೆಯ ರೋಗಿಗಳು ಬರತೊಡಗುತ್ತಾರೆ. ರೋಗವೇನೂ ಇರದ, ಇಪ್ಪತ್ತರ ಆಸುಪಾಸಿನ ಹುಡುಗರು. ಕಳೆದ ಸಲ ಯಲ್ಲಾಪುರ ಕಡೆಯ ಹಳ್ಳಿಯಿಂದ ತಂದೆಯೊಬ್ಬರು ಮಗನನ್ನು ಕರೆತಂದಿದ್ದರು. "ಡಾಕ್ಟರ್ ಸಾಬ್, ಇವನಿಗೆ ಓಡೋಕೆ ದಮ್ಮು ಸಾಲ್ತಾ ಇಲ್ಲ. ಪರೀಕ್ಷೆಗೆ ಮೂರೇ ವಾರ ಇದೆ. ದಮ್ಮು ಹೆಚ್ಚಾಗೋ ಮಾಜೂನು ಏನಾದ್ರೂ ಕೊಡಿ" ಎಂದರು.

ನಾನು ಮಾಜೂನು ಕೊಡಲಿಲ್ಲ. ಅವರಿಗೆ ಬೇಸರವಾಯಿತು. ಏಕೆ ಕೊಡಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ತಪ್ಪು ತಿಳಿವಳಿಕೆ ಅವರೊಬ್ಬರದಲ್ಲ.

ಹುಡುಗನನ್ನು ಕೇಳಿದೆ, "ಮೈದಾನದಲ್ಲಿ ಮೊದಲ ಸುತ್ತು ಎಷ್ಟು ಹೊತ್ತಿಗೆ ಮುಗಿಸುತ್ತೀಯಪ್ಪ?" "ಒಂದು ನಿಮಿಷ ಹತ್ತು ಸೆಕೆಂಡು" ಎಂದ, ಹೆಮ್ಮೆಯಿಂದ. ಕಾನ್‌ಸ್ಟೆಬಲ್ ಹುದ್ದೆಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಅಂದರೆ 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ ಸುಮಾರು 1 ನಿಮಿಷ 37 ಸೆಕೆಂಡು. ಈತ ಮೊದಲ ಸುತ್ತಿನಲ್ಲೇ 27 ಸೆಕೆಂಡು ಮುಂದೆ ಓಡಿ, ಮೂರನೆಯ ಸುತ್ತಿನಲ್ಲಿ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದ. ಕೊರತೆ ಇದ್ದುದು ಶ್ವಾಸಕೋಶದಲ್ಲಲ್ಲ, ಲೆಕ್ಕದಲ್ಲಿ.

ಹೊಸದಾಗಿ ಓಡುವವರಲ್ಲಿ ಹೆಚ್ಚಿನವರ ಉಸಿರು ತಪ್ಪುವುದು ಇಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಜನ ಉಸಿರಾಟದ ತಂತ್ರ ಕೇಳುತ್ತಾರೆ; ಅವರಿಗೆ ಮೊದಲು ಬೇಕಾದದ್ದು ವೇಗಕ್ಕೊಂದು ಲಗಾಮು. ನಾವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ, ಒಂದೊಂದು ಸಲಕ್ಕೆ ಸುಮಾರು ಅರ್ಧ ಲೀಟರ್ ಗಾಳಿ. ಓಡುವಾಗ ಇದು ಹಲವು ಪಟ್ಟು ಏರಲೇಬೇಕು. ಏದುಸಿರು ಬರಲು ಮುಖ್ಯ ಕಾರಣ ಆಮ್ಲಜನಕ ತೀರಿಹೋಗುವುದಲ್ಲ. ದುಡಿಯುವ ಸ್ನಾಯುಗಳು ರಕ್ತಕ್ಕೆ ಬಿಡುವ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗುವುದು. ಅದನ್ನು ಹೊರಹಾಕೆಂದು ಮೆದುಳು ಕೂಗುತ್ತದೆ. ಹಾಗಾಗಿ ಏದುಸಿರು ಬಂದಾಗ ಗಾಳಿ ಎಳೆದುಕೊಳ್ಳಲು ಒದ್ದಾಡಬೇಡಿ. ಮೊದಲು ಪೂರ್ತಿ ಹೊರಬಿಡಿ; ಒಳಗೆ ಬರುವುದು ತಾನಾಗಿ ಬರುತ್ತದೆ.

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳಿವೆ, ಅಸ್ಬಾಬೆ ಸಿತ್ತಾ ಝರೂರಿಯಾ. ಅವುಗಳಲ್ಲಿ ಮೊದಲನೆಯದೇ ಗಾಳಿ. ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್'ನಲ್ಲಿ ವ್ಯಾಯಾಮವನ್ನು ವಿವರಿಸಿದ್ದೇ ಉಸಿರಿನ ಮೂಲಕ: ನಮ್ಮ ಇಚ್ಛೆಯಿಂದ ಮಾಡುವ, ಉಸಿರನ್ನು ಆಳವೂ ವೇಗವೂ ಆಗಿಸುವ ಚಲನೆಯೇ ವ್ಯಾಯಾಮ. ಚಲನೆಯಲ್ಲಿ ಲವಲವಿಕೆ ಇರುವವರೆಗೆ, ಮೈಬಣ್ಣ ಕಳೆಗಟ್ಟುತ್ತಿರುವವರೆಗೆ ಮುಂದುವರಿಸಬೇಕು, ಅದು ಇಳಿಯತೊಡಗಿದಾಗ ನಿಲ್ಲಿಸಬೇಕು ಎಂಬುದು ಅವರ ಸಲಹೆಯ ಸಾರ. ಸಾವಿರ ವರ್ಷದ ಹಿಂದಿನ ಈ ಮಾತನ್ನೇ ಇಂದಿನ ತರಬೇತುದಾರರು ಬೇರೆ ಮಾತಿನಲ್ಲಿ ಹೇಳುತ್ತಾರೆ: ಓಡುತ್ತಾ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡಲು ಆಗದಿದ್ದರೆ, ನಿಮ್ಮ ವೇಗ ಹೆಚ್ಚಾಯಿತು.

ಇನ್ನು ಬಾಯಿ ಮುಚ್ಚಿ ಮೂಗಿನಿಂದಲೇ ಉಸಿರಾಡಬೇಕೆಂಬ ಕಟ್ಟಳೆ. ನಾಲ್ಕು ವರ್ಷದ ಹಿಂದೆ ನಾನೇ ಓಡಲು ಆರಂಭಿಸಿದಾಗ ಇದನ್ನು ಪಾಲಿಸಲು ಹೋಗಿ ತಲೆ ಸುತ್ತಿ ರಸ್ತೆ ಬದಿ ಕುಳಿತಿದ್ದೆ. ನಡಿಗೆಗೆ, ನಿಧಾನದ ಓಟಕ್ಕೆ ಮೂಗು ಸಾಕು. ಗಾಳಿ ಬೆಚ್ಚಗಾಗಿ, ಧೂಳು ಸೋಸಿ ಒಳಹೋಗುತ್ತದೆ. ವೇಗ ಏರಿದಾಗ ಬಾಯಿಯೂ ತೆರೆಯಲಿ. ಅದರಲ್ಲಿ ತಪ್ಪಿಲ್ಲ.

ಕಲಿಯಬೇಕಾದ ವಿಷಯ ಹೊಟ್ಟೆಯ ಉಸಿರು. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ನಾವು ಹಿಜಾಬೆ ಹಾಜಿಝ್ ಎನ್ನುತ್ತೇವೆ, ಅಂದರೆ ನಡುವಿನ ಪರದೆ. ಅದು ಕೆಳಗಿಳಿದರೆ ಶ್ವಾಸಕೋಶಕ್ಕೆ ಜಾಗ. ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಿ. ಉಸಿರು ಒಳಗೆ ಬಂದಾಗ ಕೈ ಮೇಲೇಳಬೇಕು. ದಿನಾ ಐದು ನಿಮಿಷ ಇದನ್ನು ಮಾಡಿ, ಆಮೇಲೆ ನಡೆಯುವಾಗ, ಕೊನೆಗೆ ಓಡುವಾಗ. ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ವೇಗ ಏರಿದರೆ ಎರಡೆರಡು. ಈ ಎಣಿಕೆ ನಿಯಮವಲ್ಲ, ಗಾಬರಿ ತಪ್ಪಿಸುವ ಊರುಗೋಲು. ಪಕ್ಕೆ ಹಿಡಿದರೆ ನಡಿಗೆಗೆ ಇಳಿದು, ನೋವಿರುವಲ್ಲಿ ಅಂಗೈ ಒತ್ತಿ, ನಿಧಾನವಾಗಿ ಉಸಿರು ಬಿಡಿ. ಊಟವಾದ ಎರಡು ಗಂಟೆಯೊಳಗೆ ಓಡಬೇಡಿ.

ಆರಂಭ ಹೀಗಿರಲಿ: ಹತ್ತು ನಿಮಿಷ ಬಿರುಸಿನ ನಡಿಗೆ, ಆಮೇಲೆ ಒಂದು ನಿಮಿಷ ನಿಧಾನದ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ವಾರಕ್ಕೆ ಮೂರು ದಿನ ಸಾಕು. ನಮ್ಮ ಊರುಗಳ ಏರುದಾರಿಗಳನ್ನು ಮೊದಲ ತಿಂಗಳು ನಡೆದೇ ಹತ್ತಿ. ಸಿದ್ದಾಪುರ, ಶಿರಸಿ ಕಡೆ ಅಡಿಕೆ ಬೇಯಿಸುವ ದಿನಗಳಲ್ಲಿ ಮುಂಜಾನೆ ಹೊಗೆ ತಗ್ಗಿನಲ್ಲೇ ನಿಂತಿರುತ್ತದೆ. ಒಲೆಗಳಿಲ್ಲದ ದಾರಿ ಹಿಡಿಯಿರಿ, ಇಲ್ಲವೇ ಬಿಸಿಲೇರಿದ ಮೇಲೆ ಹೊರಡಿ.

"ಸಿದ್ದಿ ಹುಡುಗರಿಗೆ ಹುಟ್ಟಿನಿಂದಲೇ ದಮ್ಮು ಬಂದಿದೆ, ನಮಗೆಲ್ಲಿ?" ಎನ್ನುವವರಿದ್ದಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೂ ಹಾಗೇ ಎಣಿಸಿ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಅವರು ಪದಕ ತಂದದ್ದು ಬರೀ ಹುಟ್ಟಿನಿಂದಲ್ಲ, ದಿನದಿನದ ಅಭ್ಯಾಸದಿಂದ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಾಗ ಎಷ್ಟೋ ಮಕ್ಕಳ ಓಟವೂ ನಿಂತಿತು. ದಮ್ಮು ಬೆಳೆಸಿದರೆ ಬೆಳೆಯುತ್ತದೆ, ಬಿಟ್ಟರೆ ಹೋಗುತ್ತದೆ.

ಈಗ ಮುಖ್ಯ ಮಾತು. ನಮ್ಮ ಭಾಷೆಯಲ್ಲಿ ದಮ್ಮು ಎಂದರೆ ತ್ರಾಣವೂ ಹೌದು, ಅಸ್ತಮಾ ಕಾಯಿಲೆಯೂ ಹೌದು. ಎರಡನ್ನೂ ಬೆರೆಸಿದರೆ ಅಪಾಯ. ಆ ಹುಡುಗ ಹೊರಡುವ ಮುನ್ನ ತಂದೆಯನ್ನು ಹೊರಗೆ ಕೂರಿಸಿ ಮತ್ತೆ ಕೇಳಿದೆ. ಓಡಿ ನಿಂತ ಮೇಲೆ ಕೆಮ್ಮು ಬರುತ್ತದೆ, ಎದೆಯಲ್ಲಿ ಸಿಳ್ಳೆಯಂಥ ಸದ್ದು, ಮಳೆಗಾಲದ ರಾತ್ರಿಗಳಲ್ಲಿ ನಿದ್ದೆಯಿಲ್ಲ ಎಂದ. ಚಿಕ್ಕಂದಿನಲ್ಲಿ ಇನ್ಹೇಲರ್ ಇತ್ತು. ಚಟವಾಗುತ್ತದೆಂದು ಯಾರೋ ಹೇಳಿದ್ದಕ್ಕೆ ಬಿಟ್ಟಿದ್ದ. ನೇಮಕಾತಿಯ ಭಯದಿಂದ ಮನೆಯಲ್ಲೂ ಮುಚ್ಚಿಟ್ಟಿದ್ದ. ನಾನು ಯೂನಾನಿ ವೈದ್ಯ. ಆದರೂ ಸ್ಪಷ್ಟವಾಗಿ ಹೇಳುತ್ತೇನೆ: ನನ್ನ ಔಷಧಿಯನ್ನು ನಂಬಿ ಯಾರೂ ಇನ್ಹೇಲರ್ ಬಿಡಬಾರದು. ಇನ್ಹೇಲರ್ ಚಟವಲ್ಲ. ಅವನನ್ನು ಶ್ವಾಸಕೋಶದ ತಜ್ಞರ ಬಳಿ ಕಳುಹಿಸಿದೆ. ಆ ಸಲದ ಪರೀಕ್ಷೆ ತಪ್ಪಿತು. ತಂದೆ ನನ್ನ ಮೇಲೆ ಮುನಿಸಿಕೊಂಡರು. ಈಗ ಹುಡುಗ ಚಿಕಿತ್ಸೆಯಲ್ಲಿದ್ದಾನೆ, ನಾಲ್ಕು ಸುತ್ತನ್ನು ನಿಲ್ಲದೆ ಏಳು ನಿಮಿಷದಲ್ಲಿ ಓಡುತ್ತಾನೆ. ಇನ್ನು ಅರ್ಧ ನಿಮಿಷ ಬಾಕಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತಿದರೂ ಏದುಸಿರು ಬಂದರೆ ಅದನ್ನು ಸೋಮಾರಿತನ ಎನ್ನಬೇಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬೆವರಿನಿಂದ ಒದ್ದೆಯಾದ ಮುಖವಸ್ತ್ರ ಮೂಗಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ತೆಳು ಹತ್ತಿಯ ಸಡಿಲ ಬಟ್ಟೆ ಇರಲಿ, ಸೊಂಟ ಬಿಗಿಯದಿರಲಿ. ಪ್ರವಾದಿ(ಸ)ಯವರು ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು ನಮಗೆಲ್ಲ ತಿಳಿದ ವಿಷಯ. ಮೊದಲ ಸಲ ಗೆದ್ದವರು ಆಯಿಶಾ(ರ). ಹಾಗಿರುವಾಗ ಮನೆಯ ಹೆಣ್ಣುಮಗಳು ಫಜ್ರ್ ನಮಾಝ್ ಮುಗಿಸಿ ಅರ್ಧ ಗಂಟೆ ಓಡಲು ಹೊರಟರೆ ನಗುವುದೇಕೆ? ಆ ಅರ್ಧ ಗಂಟೆ ಚಹಾ ಮಾಡುವ ಕೆಲಸ ಬೇರೆಯವರು ನೋಡಿಕೊಳ್ಳಲಿ.

ಎದೆನೋವು, ತಲೆಸುತ್ತು, ಎಡಗೈಗೋ ದವಡೆಗೋ ಹರಡುವ ನೋವು, ಹತ್ತು ನಿಮಿಷ ಕುಳಿತರೂ ಇಳಿಯದ ಏದುಸಿರು ಕಂಡರೆ ಓಟ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಓಡಲು ಆರಂಭಿಸುವ ಮೊದಲೇ ತಪಾಸಣೆ ಮಾಡಿಸಿಕೊಳ್ಳಿ. ಉಳಿದವರು ನಾಳೆ ಬೆಳಿಗ್ಗೆಯೇ ಹೊರಡಬಹುದು, ನಿಧಾನವಾಗಿ. ಮಕ್ಕಳನ್ನು ಪರೀಕ್ಷೆಗೆ ಕಳುಹಿಸುವ ತಂದೆ ತಾಯಂದಿರೇ, ಮೂರು ವಾರದ ಮದ್ದು ಹುಡುಕುವ ಬದಲು ಆರು ತಿಂಗಳು ಮೊದಲೇ ಅವರನ್ನು ಮೈದಾನಕ್ಕೆ ಕಳುಹಿಸಿ. ಓಡಿ ಬಂದ ಮೇಲೆ ಕೆಮ್ಮು ಬರುತ್ತದೆಯೇ ಎಂದೂ ಒಮ್ಮೆ ಕೇಳಿ.