ಜಿಪಿಎ: ಎಲ್ಲಿ ಅಳಿಯುತ್ತದೆ, ಎಲ್ಲಿ ಉಳಿಯುತ್ತದೆ

ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಯ ಓದನ್ನು ಅಳೆಯುವ ಅಂಕಿ ಜಿಪಿಎ. ಎ ದರ್ಜೆಗೆ 4, ಬಿಗೆ 3, ಸಿಗೆ 2, ಡಿಗೆ 1, ಎಫ್ ಬಂದರೆ ಸೊನ್ನೆ. ಒಂದೊಂದು ವಿಷಯದ ದರ್ಜೆಯನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಬರುವ ಸರಾಸರಿ ಇದು. ನಾಲ್ಕು ಕ್ರೆಡಿಟ್‌ನ ಗಣಿತದಲ್ಲಿ ಸಿ ಬಂದು ಆದ ನಷ್ಟವನ್ನು ಒಂದು ಕ್ರೆಡಿಟ್‌ನ ಲ್ಯಾಬಿನಲ್ಲಿ ಬಂದ ಎ ತುಂಬಿಕೊಡಲಾರದು. ಲೆಕ್ಕವೇನೋ ಸರಳ. ಆದರೆ ಆ ಅಂಕಿಯನ್ನು ಓದುವ ರೀತಿ ಪ್ರವೇಶದ ಒಂದೊಂದು ಬಾಗಿಲಲ್ಲೂ ಬೇರೆ.

ಕಾಲೇಜಿನಿಂದ ಕಾಲೇಜಿಗೆ ವರ್ಗಾವಣೆಯಾಗುವ ವ್ಯವಸ್ಥೆ ಗಟ್ಟಿಯಾಗಿ ಬೇರೂರಿರುವುದು ಕ್ಯಾಲಿಫೋರ್ನಿಯಾದಲ್ಲಿ. ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವ ದಾರಿಯನ್ನು 1960ರ ಮಾಸ್ಟರ್ ಪ್ಲಾನ್ ಭದ್ರಪಡಿಸಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಹೀಗೆ ಬರುವವರಿಗೆ 60 ಸೆಮಿಸ್ಟರ್ ಯೂನಿಟ್‌ಗಳ ಓದು ಮುಗಿದಿರಬೇಕು. ಆ ರಾಜ್ಯದ ನಿವಾಸಿಗಳಿಗೆ ಕನಿಷ್ಠ ಜಿಪಿಎ 2.4, ಹೊರಗಿನವರಿಗೆ 2.8. ಇದು ಅರ್ಜಿ ಹಾಕುವ ಅರ್ಹತೆಯಷ್ಟೇ. ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್ಸುಗಳಲ್ಲಿ ಸೀಟು ಸಿಗುವುದು ಸಾಮಾನ್ಯವಾಗಿ 3.5ರ ಮೇಲಿನವರಿಗೇ.

ಹೊರಗಿನಿಂದ ಬಂದು ಮೊದಲ ವರ್ಷ ಎಡವಿದವರಿಗೆ ಈ 2.8 ಎಷ್ಟು ದೂರ? ಮೊದಲ 30 ಕ್ರೆಡಿಟ್‌ಗಳಲ್ಲಿ ಸರಾಸರಿ 2.0 ಬಂದಿದೆ ಎನ್ನೋಣ. ಎರಡನೇ ವರ್ಷದ 30 ಕ್ರೆಡಿಟ್‌ಗಳಲ್ಲಿ 3.6 ತೆಗೆದರೂ ಒಟ್ಟು ಸರಾಸರಿ ಏರುವುದು ಸರಿಯಾಗಿ 2.8ಕ್ಕೆ. ಒಂದು ವರ್ಷ ಪೂರ್ತಿ ಹೆಚ್ಚುಕಡಿಮೆ ಎ ದರ್ಜೆಯಲ್ಲೇ ಓದಿದವರು ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ, ಅಷ್ಟೇ. ಊರು ಬಿಟ್ಟು, ಭಾಷೆ ಬದಲಿಸಿ, ಮನೆಯ ನೆನಪಿನಲ್ಲಿ ಕಳೆಯುವ ಮೊದಲ ವರ್ಷ ಇಷ್ಟು ಭಾರ ಹೊರುವುದು ನ್ಯಾಯವಲ್ಲ. ಏರುತ್ತಿರುವ ದರ್ಜೆಗೆ ಸರಾಸರಿಗಿಂತ ಹೆಚ್ಚು ಬೆಲೆ ಸಿಗಬೇಕು.

ವರ್ಗಾವಣೆ ಆದ ಮೇಲೆ ಒಂದು ಸಮಾಧಾನವಿದೆ. ಬಹುತೇಕ ವಿಶ್ವವಿದ್ಯಾಲಯಗಳು ಹಳೆಯ ಕಾಲೇಜಿನ ಕ್ರೆಡಿಟ್‌ಗಳನ್ನು ಒಪ್ಪಿಕೊಳ್ಳುತ್ತವೆ, ಜಿಪಿಎಯನ್ನು ಒಯ್ಯುವುದಿಲ್ಲ. ಹೊಸ ಕಾಲೇಜಿನ ಲೆಕ್ಕ ಹೊಸದಾಗಿಯೇ ಶುರು. ಹಾಗೆಂದು ಹಳೆಯದು ಅಳಿಸಿಹೋಗದು. ವೈದ್ಯಕೀಯ ಕಾಲೇಜುಗಳ ಅರ್ಜಿ ನೋಡುವ ಎಎಂಸಿಎಎಸ್, ವಿದ್ಯಾರ್ಥಿ ಓದಿದ ಎಲ್ಲ ಕಾಲೇಜುಗಳ ದರ್ಜೆಗಳನ್ನೂ ಸೇರಿಸಿ ತನ್ನದೇ ಜಿಪಿಎ ಕಟ್ಟುತ್ತದೆ. ಫೇಲಾಗಿ ಮತ್ತೆ ಬರೆದು ಪಾಸಾದ ವಿಷಯದ ಎರಡೂ ದರ್ಜೆಗಳು ಅಲ್ಲಿ ಎಣಿಕೆಗೆ ಬರುತ್ತವೆ.

ಎಂಎಸ್, ಪಿಎಚ್‌ಡಿಗಳ ಪ್ರವೇಶ ಇಷ್ಟು ಬಿಗಿಯಲ್ಲ. ಹಲವು ಕಡೆ ಕನಿಷ್ಠ ಗೆರೆ 3.0, ಅಂದರೆ ಬಿ ಸರಾಸರಿ. ಒಳಗೆ ಹೋದ ಮೇಲೂ ಅದೇ 3.0 ಉಳಿಸಿಕೊಳ್ಳಬೇಕಾಗಿರುವುದರಿಂದ ಈ ಗೆರೆಗೊಂದು ಅರ್ಥವಿದೆ. ಕೆಲವು ವಿಶ್ವವಿದ್ಯಾಲಯಗಳು ಕೊನೆಯ ಎರಡು ವರ್ಷಗಳ ಅಂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಪಿಎಚ್‌ಡಿ ಸಮಿತಿಯಲ್ಲಿ ಕೂತ ಪ್ರಾಧ್ಯಾಪಕರು ಒಟ್ಟು ಅಂಕಿಗಿಂತ ಮೂಲ ವಿಷಯದ ದರ್ಜೆಗಳು, ಸಂಶೋಧನೆಯ ಅನುಭವ ಮತ್ತು ಶಿಫಾರಸು ಪತ್ರಗಳ ಮೇಲೆ ಕಣ್ಣಿಡುತ್ತಾರೆ.

ಕರ್ನಾಟಕದಿಂದ ಹೋಗುವ ಎಂಜಿನಿಯರಿಂಗ್ ಪದವೀಧರರಿಗೆ ತೊಡಕಾಗುವುದು ಅಳತೆಗೋಲು ಬದಲಾಗುವಾಗ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯುದ್ದು 10ರ ಸಿಜಿಪಿಎ. 2015ರ ಸ್ಕೀಮ್‌ನಲ್ಲಿ ಅದರಿಂದ 0.75 ಕಳೆದು 10ರಿಂದ ಗುಣಿಸಿದರೆ ಶೇಕಡಾವಾರು ಅಂಕ. ಹಾಗಾಗಿ 6.75 ಎಂದರೆ ಶೇ 60, ಫಸ್ಟ್ ಕ್ಲಾಸ್, 7.75 ಎಂದರೆ ಶೇ 70, ಡಿಸ್ಟಿಂಕ್ಷನ್. ಸಿಜಿಪಿಎಯನ್ನು 10ರಿಂದ ಭಾಗಿಸಿ 4ರಿಂದ ಗುಣಿಸುವ ಸುಲಭದ ದಾರಿ ಹಿಡಿದರೆ ಡಿಸ್ಟಿಂಕ್ಷನ್ 3.1ಕ್ಕೆ ಇಳಿಯುತ್ತದೆ, ಫಸ್ಟ್ ಕ್ಲಾಸ್ 2.7 ಆಗಿ ಕನಿಷ್ಠ ಗೆರೆಯ ಕೆಳಗೆ ಬೀಳುತ್ತದೆ. ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದು ಹೀಗೆ ಲೆಕ್ಕ ಹಾಕಿ, ಅರ್ಜಿಯನ್ನೇ ಕೈಬಿಡುವ ಅಪಾಯ ಇಲ್ಲಿದೆ.

ಈ ಗುಣಾಕಾರ ಬೇಕಾಗಿಯೇ ಇಲ್ಲ. ಅನೇಕ ವಿಶ್ವವಿದ್ಯಾಲಯಗಳು ಪರಿವರ್ತನೆ ಮಾಡದೆ, ಮೂಲ ಅಂಕವನ್ನು ಇದ್ದಂತೆಯೇ ನಮೂದಿಸಿ ಎನ್ನುತ್ತವೆ. ಭಾರತದಲ್ಲಿ ಅಂಕ ಕೊಡುವ ಕೈ ಬಿಗಿ ಎಂಬುದನ್ನು ಬಲ್ಲ ಸಿಬ್ಬಂದಿ ಅಲ್ಲಿರುತ್ತಾರೆ. ಪರಿವರ್ತನೆ ಕೇಳುವ ಕಡೆ ವರ್ಲ್ಡ್ ಎಜುಕೇಶನ್ ಸರ್ವಿಸಸ್‌ನಂಥ ಸಂಸ್ಥೆಗಳು ಒಂದೊಂದೇ ವಿಷಯವನ್ನು ಬಿಡಿಯಾಗಿ ನೋಡಿ ಅಮೆರಿಕದ ದರ್ಜೆಗೆ ಹೊಂದಿಸುತ್ತವೆ. ಆ ಲೆಕ್ಕದಲ್ಲಿ ಬರುವ ಜಿಪಿಎ ಮನೆಯಲ್ಲಿ ಮಾಡಿದ ಗುಣಾಕಾರಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.