ಟಿವಿಯಲ್ಲಿ ಕಂಡದ್ದು ಪೆಟ್ಟಿಗೆಯಲ್ಲಿ ಉಳಿಯಿತೇ?

ಬೆಳಗಾವಿಯ ಗಣಪತಿ ಗಲ್ಲಿ, ಖಡೇಬಜಾರ್, ಶಹಾಪುರದ ಪೇಟೆ, ಎಲ್ಲಿ ಬೇಕಾದರೂ ಕತ್ತೆತ್ತಿ ನೋಡಿ. ಬೋರ್ಡಿನ ಕೆಳಗೊಂದು, ಗಲ್ಲಾದ ಮೇಲೊಂದು ಕ್ಯಾಮೆರಾ. ಖಾನಾಪುರ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳದ್ದೂ ಅದೇ ಕಥೆ. ಗೋಡೆಯ ಮೇಲೆ ಒಂದು ಟಿವಿ, ಅದರೊಳಗೆ ನಾಲ್ಕು ಚೌಕ, ನಾಲ್ಕರಲ್ಲೂ ಅಂಗಡಿಯೇ. ಗಿರಾಕಿ ತನ್ನ ಬೋಳುತಲೆಯನ್ನು ತಾನೇ ಮೇಲಿನಿಂದ ನೋಡಿ ಮುಜುಗರಪಡುವ ಕಾಲ ಬಂದಿದೆ.

“ಕ್ಯಾಮೆರಾ ಚಾಲೂ ಐತೇನ್ರಿ ಸಾವಕಾರ್ರ?” ಎಂದು ಕೇಳಿ. “ಚಾಲೂ ಐತ್ರಿ, ಅಲ್ನೋಡ್ರಿ, ಟಿವ್ಯಾಗ ಕಾಣಾಕತ್ತೈತಲ್ಲ!” ಎಂಬ ಉತ್ತರ ಬರುತ್ತದೆ. “ಹಂಗಾದ್ರ ನಿನ್ನಿ ಮಧ್ಯಾಹ್ನ ಮೂರು ಗಂಟೇದ್ದು ತೋರಸ್ರಿ ನೋಡೂಣು” ಅಂದರೆ ಮಾತ್ರ ಸಾವಕಾರರು ತಲೆ ಕೆರೆದುಕೊಳ್ಳುತ್ತಾರೆ. “ಅದು ಹಾಕಿದ ಹುಡುಗಗ ಗೊತ್ರಿ. ಅವಗ ಫೋನ್ ಮಾಡಬೇಕು.”

ಈ ಎರಡು ಉತ್ತರಗಳ ನಡುವೆ ಇರುವ ತಗ್ಗಿನಲ್ಲಿಯೇ ಕಳ್ಳ ಅಡಗಿ ಕೂತಿದ್ದಾನೆ.

ತೋರಿಸುವುದು ಬೇರೆ, ಇಡುವುದು ಬೇರೆ

ಕ್ಯಾಮೆರಾದ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಡಿವಿಆರ್ ಎನ್ನುತ್ತಾರೆ. ಅದು ಎರಡು ಕೆಲಸ ಮಾಡುತ್ತದೆ. ಒಂದು, ಬಂದ ಚಿತ್ರವನ್ನು ಟಿವಿಗೆ ಕಳಿಸುವುದು. ಎರಡು, ಅದೇ ಚಿತ್ರವನ್ನು ಒಳಗಿನ ಹಾರ್ಡ್ ಡಿಸ್ಕಿನಲ್ಲಿ ಬರೆದಿಡುವುದು. ಮೊದಲ ಕೆಲಸಕ್ಕೆ ಡಿಸ್ಕೇ ಬೇಕಿಲ್ಲ. ಡಿಸ್ಕು ಇಲ್ಲದಿದ್ದರೂ, ಕೆಟ್ಟಿದ್ದರೂ, ಫಾರ್ಮ್ಯಾಟ್ ಮಾಡದೆ ಬಿಟ್ಟಿದ್ದರೂ ಟಿವಿಯಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಡಿಸ್ಕು ಕೆಟ್ಟಾಗ ಪೆಟ್ಟಿಗೆ ಕುಂಯ್ ಕುಂಯ್ ಎಂದು ಕೂಗಿ ಎಚ್ಚರಿಸುತ್ತದೆ, ನಿಜ. ಆದರೆ ಆ ಕೂಗು ಕಿರಿಕಿರಿ ಎಂದು ಸೆಟ್ಟಿಂಗಿನಲ್ಲಿ ಬಾಯಿ ಮುಚ್ಚಿಸುವವರೇ ಬಹಳ.

ಟಿವಿಗೆ ಜೋಡಿಸುವುದು ದೊಡ್ಡ ವಿದ್ಯೆಯಲ್ಲ. ಎರಡೂ ಬಂದ್ ಮಾಡಿ, ಪೆಟ್ಟಿಗೆಯ ಹಿಂದಿನ ಎಚ್‌ಡಿಎಂಐ ತೂತಿನಿಂದ ಟಿವಿಯ ಎಚ್‌ಡಿಎಂಐ ತೂತಿಗೆ ಒಂದು ಕೇಬಲ್ ಹಾಕಿ. ಟಿವಿ ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಗುಂಡಿ ಒತ್ತಿ ಅದೇ ತೂತಿನ ನಂಬರ್ ಆರಿಸಿ. ಮೌಸನ್ನು ಪೆಟ್ಟಿಗೆಯ ಯುಎಸ್‌ಬಿಗೆ ಚುಚ್ಚಿ. ಇಷ್ಟೇ. ಇಷ್ಟಾಗಿಯೂ ‘ಸಿಗ್ನಲ್ ಇಲ್ಲ’ ಎಂದು ಬಂದರೆ ಟಿವಿ ಕೆಟ್ಟಿದೆ ಎಂದು ತಿಳಿಯಬೇಡಿ. ಟಿವಿ ತೋರಿಸಲಾರದಷ್ಟು ದೊಡ್ಡ ಅಳತೆಯ ಚಿತ್ರವನ್ನು ಪೆಟ್ಟಿಗೆ ಕಳಿಸುತ್ತಿರಬಹುದು. ಒಂದು ಕಂಪ್ಯೂಟರ್ ಪರದೆಯನ್ನು ವಿಜಿಎ ತಂತಿಯಿಂದ ಜೋಡಿಸಿ, ಚಿತ್ರದ ಅಳತೆಯನ್ನು 1280×720ಕ್ಕೆ ಇಳಿಸಿ, ಮತ್ತೆ ಟಿವಿಗೆ ಹಾಕಿದರೆ ಎಷ್ಟೋ ಸಲ ಚಿತ್ರ ಬರುತ್ತದೆ.

ಜೋಡಿಸುವವರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಚಿತ್ರ ಬಂತು, ರೊಕ್ಕ ಬಂತು, ನಡೆದರು. ಡಿಸ್ಕು ಫಾರ್ಮ್ಯಾಟ್ ಆಗಿದೆಯೇ, ದಿನದ 24 ತಾಸೂ ಬರೆಯುವಂತೆ ಇಟ್ಟಿದ್ದಾರೆಯೇ, ಡಿಸ್ಕು ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು ಹೇಳಿದ್ದಾರೆಯೇ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಅಳಿಸಿ ಬರೆಯಲು ಹೇಳದಿದ್ದರೆ ಡಿಸ್ಕು ತುಂಬಿದ ದಿನವೇ ಬರವಣಿಗೆ ನಿಲ್ಲುತ್ತದೆ. ಟಿವಿ ಮಾತ್ರ ತೋರಿಸುತ್ತಲೇ ಇರುತ್ತದೆ!

ಹನ್ನೊಂದು ದಿನದ ನೆನಪು

ಇನ್ನು ಲೆಕ್ಕಕ್ಕೆ ಬರೋಣ. ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ.

ಒಂದು ಸಾಧಾರಣ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ ಜಾಗ ತಿನ್ನುತ್ತದೆ. ನಾಲ್ಕು ಕ್ಯಾಮೆರಾಕ್ಕೆ 86 ಜಿಬಿ. ಪೆಟ್ಟಿಗೆಯಲ್ಲಿರುವುದು ಒಂದು ಟಿಬಿ ಡಿಸ್ಕು (ರೋಗವಲ್ಲ, ಅಳತೆ) ಅಂದರೆ ಸಾವಿರ ಜಿಬಿ. ಭಾಗಿಸಿ ನೋಡಿ, ಹನ್ನೊಂದು ದಿನ. ಹನ್ನೆರಡನೆಯ ದಿನ ಮೊದಲ ದಿನದ ಚಿತ್ರ ಅಳಿಯುತ್ತದೆ. ಕಡಿಮೆ ಜಾಗದಲ್ಲಿ ಬರೆಯುವ ಎಚ್.265 ವಿಧಾನ ಇದ್ದರೆ ಹೆಚ್ಚುಕಡಿಮೆ ಇದರ ಎರಡು ಪಟ್ಟು ದಿನ ಸಿಕ್ಕೀತು.

ತಿಂಗಳ ಕೊನೆಗೆ ಸ್ಟಾಕ್ ಎಣಿಸುವಾಗ ನಾಲ್ಕು ಸೀರೆ ಕಡಿಮೆ ಬಂದವು ಎಂದುಕೊಳ್ಳಿ. ಸಂಶಯ ಮೊದಲು ಹೋಗುವುದು ಯಾರ ಮೇಲೆ? ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಕೆಲಸದ ಹುಡುಗನ ಮೇಲೆ. “ನಾ ತಗೊಂಡಿಲ್ರಿ ಮಾಲಕ್ರ, ಬೇಕಾದ್ರ ಕ್ಯಾಮೆರಾ ನೋಡ್ರಿ” ಎಂದು ಅವನು ಅತ್ತು ಹೇಳುತ್ತಾನೆ. ನೋಡಲು ಕುಳಿತರೆ ಮೊದಲ ಹತ್ತೊಂಬತ್ತು ದಿನದ ಚಿತ್ರವೇ ಇಲ್ಲ. ಹುಡುಗ ನೌಕರಿ ಕಳೆದುಕೊಂಡ, ಹೆಸರನ್ನೂ ಕಳೆದುಕೊಂಡ. ಕ್ಯಾಮೆರಾ ಇರುವುದು ಕಳ್ಳನನ್ನು ಹಿಡಿಯಲಿಕ್ಕೆ ಮಾತ್ರ ಅಲ್ಲ, ಕಳ್ಳನಲ್ಲದವನನ್ನು ಉಳಿಸಲಿಕ್ಕೂ ಹೌದು.

ಸಾರ್ವಜನಿಕ ಸುರಕ್ಷತೆಯ ಕುರಿತ ರಾಜ್ಯದ 2017ರ ಕಾಯ್ದೆಯು ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನದ ಚಿತ್ರ ಉಳಿಸಿರಬೇಕು ಎನ್ನುತ್ತದೆ. ನಮ್ಮ ಪಾನ್ ಅಂಗಡಿ, ಕಿರಾಣಿ ಅಂಗಡಿಗೆ ಇದು ತಗಲಲಿಕ್ಕಿಲ್ಲ. ದೊಡ್ಡ ಬಟ್ಟೆ ಅಂಗಡಿ, ಹೋಟೆಲು, ಕಲ್ಯಾಣ ಮಂಟಪಗಳ ಮಾತು ಬೇರೆ. ಮೇಲಿನ ಲೆಕ್ಕದಲ್ಲೇ 30 ದಿನಕ್ಕೆ ಎರಡೂವರೆ ಟಿಬಿ ಮೀರುತ್ತದೆ. ಒಂದು ಟಿಬಿ ಹಾಕಿಸಿಕೊಂಡು “ಕಾಯ್ದೆ ಪ್ರಕಾರ ಎಲ್ಲಾ ಮಾಡೇವ್ರಿ” ಎಂದರೆ ಹೇಗೆ?

ಬಾಗಿಲು ಹಾಕಿದಾಗ ಕಣ್ಣೂ ಮುಚ್ಚಿತು

ಇನ್ನೊಂದು ಅಭ್ಯಾಸ ನಮ್ಮಲ್ಲಿದೆ. ರಾತ್ರಿ ಶಟರ್ ಎಳೆಯುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡುವುದು. ಶಾರ್ಟ್ ಸರ್ಕ್ಯೂಟಿನ ಭಯ ಒಂದು, ಕರೆಂಟ್ ಬಿಲ್ಲಿನ ಭಯ ಇನ್ನೊಂದು. ಪರಿಣಾಮ ಏನು? ಹಗಲೆಲ್ಲ ಗಿರಾಕಿಯನ್ನು ಕಾದ ಕ್ಯಾಮೆರಾ ಕಳ್ಳ ಬರುವ ಹೊತ್ತಿಗೆ ನಿದ್ದೆ ಹೋಗಿರುತ್ತದೆ. ನಾಲ್ಕು ಕ್ಯಾಮೆರಾ ಮತ್ತು ಪೆಟ್ಟಿಗೆ ಸೇರಿ ಹಳೆಯ 40 ವ್ಯಾಟಿನ ಬಲ್ಬಿನಷ್ಟು ಕರೆಂಟು ತಿಂದಾವು. ದಿನಪೂರ್ತಿಗೆ ಸುಮಾರು ಒಂದು ಯೂನಿಟ್. ಇವಕ್ಕೆ ಬೇರೆ ಲೈನ್ ಎಳೆಸಿ ಉಳಿದದ್ದನ್ನು ಆರಿಸಿದರಾಯಿತು. ಟಿವಿಯನ್ನೂ ಧಾರಾಳವಾಗಿ ಆರಿಸಿ. ಟಿವಿ ಆರಿದರೆ ರೆಕಾರ್ಡಿಂಗ್ ನಿಲ್ಲುವುದಿಲ್ಲ.

ಖಾನಾಪುರ ತಾಲೂಕಿನ ಕಷ್ಟ ಬೇರೆ. ಕಣಕುಂಬಿ, ಜಾಂಬೋಟಿ ಕಡೆ ಮಳೆಗಾಲ ಹಿಡಿಯಿತೆಂದರೆ ಗಿಡ ಬಿದ್ದು ತಂತಿ ಹರಿಯುವುದು, ಕರೆಂಟು ಹೋಗುವುದು ಯಾರಿಗೂ ಹೊಸದಲ್ಲ. ಪೆಟ್ಟಿಗೆಗೆ ಯುಪಿಎಸ್ ಹಾಕಿಸಿದವರೂ ಕ್ಯಾಮೆರಾಗಳ ಅಡಾಪ್ಟರನ್ನು ಸಾದಾ ಪ್ಲಗ್ಗಿನಲ್ಲೇ ಬಿಟ್ಟಿರುತ್ತಾರೆ. ಕರೆಂಟು ಹೋದಾಗ ಪೆಟ್ಟಿಗೆ ಎಚ್ಚರವಾಗಿದ್ದು ಕತ್ತಲೆಯನ್ನೇ ನಿಷ್ಠೆಯಿಂದ ಬರೆದಿಡುತ್ತದೆ!

ಇದಕ್ಕಿಂತ ಮೋಸದ್ದು ಗಡಿಯಾರ. ಪೆಟ್ಟಿಗೆಯ ಒಳಗೆ ನಾಣ್ಯದಂಥ ಒಂದು ಸಣ್ಣ ಸೆಲ್ ಇರುತ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗ ತಾರೀಖು 2000ನೆಯ ಇಸವಿಗೋ 1970ಕ್ಕೋ ಓಡಿಹೋಗುವುದುಂಟು. ಕಳ್ಳ ಸಿಕ್ಕರೂ ಅವನು ಬಂದದ್ದು 2000ದ ಜನವರಿ ಒಂದರಂದು ಎಂದು ಚಿತ್ರ ಹೇಳಿದರೆ, ಎದುರು ವಕೀಲರು ಬಿಟ್ಟಾರೆಯೇ?

ಠಾಣೆಯಿಂದ ಕೋರ್ಟಿಗೆ

ಮೊಬೈಲಿನಲ್ಲಿ ಟಿವಿಯ ಪರದೆಯನ್ನೇ ಶೂಟ್ ಮಾಡಿ ವಾಟ್ಸಾಪಿಗೆ ಬಿಟ್ಟರೆ ಸಾಕ್ಷ್ಯವಾಯಿತು ಎಂದು ಹಲವರ ನಂಬಿಕೆ. ಊರಿಗೆಲ್ಲ ಸುದ್ದಿಯಾದೀತು, ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇಂಥ ವಿದ್ಯುನ್ಮಾನ ದಾಖಲೆಯ ನಕಲಿಗೆ ಪ್ರಮಾಣಪತ್ರ ಕೇಳುತ್ತದೆ. ಒಂದು ಭಾಗಕ್ಕೆ ಯಂತ್ರದ ಉಸ್ತುವಾರಿ ಹೊತ್ತವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಹಳೆಯ ಕಾಯ್ದೆಯ 65ಬಿ ಕಲಮಿನ ಅಡಿಯಲ್ಲೂ ಈ ಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತ್ತು. ಆದ್ದರಿಂದ ಘಟನೆ ನಡೆದ ಕೂಡಲೆ ಆ ಹೊತ್ತಿನ ಚಿತ್ರವನ್ನು ಪೆಟ್ಟಿಗೆಯಿಂದಲೇ ಪೆನ್‌ಡ್ರೈವಿಗೆ ಇಳಿಸಿ ಇಟ್ಟುಕೊಳ್ಳಿ, ಮೂಲ ಡಿಸ್ಕನ್ನು ಮುಟ್ಟದೆ ಪೊಲೀಸರಿಗೆ ತಿಳಿಸಿ. ಗಡಿಯಾರ ಐದು ನಿಮಿಷ ಹಿಂದಿದ್ದರೆ ಅದನ್ನೂ ಪಂಚನಾಮೆಯಲ್ಲಿ ಬರೆಸಿ.

ಪೆಟ್ಟಿಗೆಯ ಜಾಗದ ವಿಷಯವೂ ಇದೆ. ಟಿವಿಯ ಕೆಳಗೆ ಎಲ್ಲರಿಗೂ ಕಾಣುವಂತೆ ಇಟ್ಟರೆ ಬಲ್ಲ ಕಳ್ಳ ಗಲ್ಲಾದ ಜೊತೆಗೆ ಅದನ್ನೂ ಹೊತ್ತೊಯ್ಯುತ್ತಾನೆ. ಕೇಬಲ್ ಸ್ವಲ್ಪ ಉದ್ದದ್ದು ತಂದು, ಗಾಳಿಯಾಡುವ, ಕೀಲಿ ಇರುವ ಕಪಾಟಿನಲ್ಲಿ ಇಡುವುದು ಒಳಿತು.

ಪಾಸ್‌ವರ್ಡ್ ಯಾರ ಕಿಸೆಯಲ್ಲಿ?

ತಿಜೋರಿಯ ಕೀಲಿಯನ್ನು ಯಾರಾದರೂ ಬಡಿಗನ ಹತ್ತಿರ ಬಿಡುತ್ತಾರೆಯೇ? ಡಿವಿಆರ್ ಪಾಸ್‌ವರ್ಡನ್ನು ಮಾತ್ರ ಜೋಡಿಸಿದವನ ಹತ್ತಿರವೇ ಬಿಡುತ್ತೇವೆ. ಅವನು ಗೋವಾಕ್ಕೋ ಪುಣೆಗೋ ಹೋದನೆಂದರೆ ನಮ್ಮದೇ ಅಂಗಡಿಯ ಚಿತ್ರ ನಮಗೇ ಸಿಗದು. ಮೊಬೈಲಿನಲ್ಲಿ ನೋಡಬೇಕೆಂದು ಪೆಟ್ಟಿಗೆಗೆ ಇಂಟರ್ನೆಟ್ ಕೊಟ್ಟವರು ಇನ್ನೂ ಹುಷಾರಾಗಿರಬೇಕು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟ ಇಂಥ ಪೆಟ್ಟಿಗೆ, ಕ್ಯಾಮೆರಾಗಳ ಒಳಗೆ 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಹೊಕ್ಕು ದಂಡು ಕಟ್ಟಿತು. ಅದೇ ವರ್ಷದ ಅಕ್ಟೋಬರ್ 21ರಂದು ಆ ದಂಡಿನ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ತಾಸುಗಟ್ಟಲೆ ತತ್ತರಿಸಿದವು. ಅಂಗಡಿಯ ಮೂಲೆಯ ಪೆಟ್ಟಿಗೆ ಎಂದು ಹಗುರಾಗಿ ಕಾಣಬೇಡಿ.

ಹಾಗಾದರೆ ತಪ್ಪು ಯಾರದು? ಜೋಡಿಸುವವನು ಚಿತ್ರ ಮಾರುತ್ತಾನೆ. ವ್ಯಾಪಾರಿ ಚಿತ್ರ ನೋಡಿ ಸಮಾಧಾನಪಡುತ್ತಾನೆ. ಪೊಲೀಸರು ಕಳವಾದ ಮರುದಿನ ಬಂದು ಕೇಳುತ್ತಾರೆ. ಮೂವರೂ ಭೇಟಿಯಾಗುವುದು ಎಲ್ಲ ಮುಗಿದ ಮೇಲೆಯೇ. ಬೀಟ್ ಪೊಲೀಸರು ತಿಂಗಳಿಗೊಮ್ಮೆ “ನಿನ್ನೆಯದು ತೋರಿಸಿ” ಎಂದು ಕೇಳಿದರೆ, ವ್ಯಾಪಾರಸ್ಥರ ಸಂಘಗಳು ಜೋಡಿಸುವವರಿಂದ ದಿನದ ಲೆಕ್ಕ, ಪಾಸ್‌ವರ್ಡು, ಗಡಿಯಾರ ಮೂರನ್ನೂ ಬರೆಸಿಕೊಂಡೇ ರೊಕ್ಕ ಕೊಡುವ ಪದ್ಧತಿ ತಂದರೆ, ಸರಕಾರದ ಒಂದು ಪೈಸೆ ಖರ್ಚಿಲ್ಲದೆ ಅರ್ಧ ಕೆಲಸ ಆಗುತ್ತದೆ.

ಬಸ್ಸಿನ ಗದ್ದಲದಲ್ಲಿ ಕೊರಳ ಸರ ಕಳಕೊಂಡ ತಾಯಿ ಮೊದಲು ಓಡಿ ಬರುವುದು ನಿಲ್ದಾಣದ ಎದುರಿನ ಅಂಗಡಿಗೇ. “ಅಣ್ಣಾ, ನಿಮ್ಮ ಕ್ಯಾಮೆರಾದಾಗ ನೋಡ್ರಿ” ಎಂದು ಅವಳು ಕೈಮುಗಿದಾಗ ಗೋಡೆಯ ಟಿವಿ ತೋರಿಸಿ ಪ್ರಯೋಜನವಿಲ್ಲ. ಅವಳಿಗೆ ಬೇಕಾದದ್ದು ಅರ್ಧ ತಾಸಿನ ಹಿಂದಿನ ಚಿತ್ರ. ಅದು ನಿಮ್ಮ ಪೆಟ್ಟಿಗೆಯಲ್ಲಿದೆಯೋ ಇಲ್ಲವೋ, ಇವತ್ತು ರಾತ್ರಿ ಶಟರ್ ಎಳೆಯುವ ಮುಂಚೆ ಒಮ್ಮೆ ನೋಡಿಬಿಡಿ.